ಜಂತೆ ಎಣಿಸುವ ಚಾಳಿ

ಹಿಂದೆ ನಾನಿದ್ದ ಕಚೇರಿಯ ಮೇಲೆ ಯಾರೋ ಒಂದು ಮೂಗರ್ಜಿ ಹಾಕಿದರು. ಮೂಗರ್ಜಿ ಗೊತ್ತಲ್ಲ, ಮೇಲೆ ವಿಳಾಸ ಇಲ್ಲದ, ಕೆಳಗೆ ಸಹಿ ಇಲ್ಲದ, ನಡುವೆ ಮಾತ್ರ ಸತ್ಯ ಇದ್ದರೂ ಇರಬಹುದಾದ ಕಾಗದ. ವಿಷಯ, ಜನರೇಟರಿನ ಡೀಸೆಲ್. ಆ ವರ್ಷ ನಮ್ಮ ಬೀದಿಯಲ್ಲಿ ಕರೆಂಟು ಹೋದದ್ದೇ ಅಪರೂಪ. ಬಿಲ್ಲು ನೋಡಿದರೆ ಮಾತ್ರ ಜನರೇಟರು ಇಡೀ ಹೋಬಳಿಗೆ ದೀಪಾವಳಿ ಮಾಡುವಷ್ಟು ಕುಡಿದಿತ್ತು. ಅರ್ಜಿಯಲ್ಲಿ ತಾರೀಕು, ಲೀಟರು, ಬಿಲ್ಲಿನ ನಂಬರು ಎಲ್ಲ ಸಾಲಾಗಿ ಇದ್ದವು. ಮೇಲಿನ ಕಚೇರಿಯವರು ಅದನ್ನು ಓದಿದರು, ಗಂಭೀರವಾಗಿ ಪರಿಗಣಿಸಿದರು, ‘ಪರಿಶೀಲಿಸಿ ವರದಿ ಸಲ್ಲಿಸುವುದು’ ಎಂದು ಷರಾ ಬರೆದು ನಮ್ಮ ಸಾಹೇಬರಿಗೇ ಕಳಿಸಿಕೊಟ್ಟರು. ಡೀಸೆಲ್ ಬಿಲ್ಲಿಗೆಲ್ಲ ಸಹಿ ಹಾಕಿದ್ದವರು ಅವರೇ. ಆ ಮಟ್ಟಿಗೆ ವಿಷಯವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ ಎನ್ನುವುದನ್ನೂ ಒಪ್ಪಬೇಕು.

ಅಂದು ಸಾಹೇಬರು ಬೆಳಿಗ್ಗೆ ಹತ್ತಕ್ಕೇ ಬಂದರು. ಕಚೇರಿಯಲ್ಲಿ ಡೀಸೆಲ್ಲಿಗಿಂತ ಅದೇ ದೊಡ್ಡ ಸುದ್ದಿಯಾಯಿತು. ಅರ್ಜಿಯಲ್ಲಿ ಯಾರ ಹೆಸರೂ ಇರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಹೆಡ್ ಕ್ಲರ್ಕನ್ನು ಕರೆದು ಕೇಳಿದ ಮೊದಲ ಪ್ರಶ್ನೆ, “ಯಾರ್ರೀ ಇದನ್ನ ಬರ್ದಿದ್ದು?” ಎರಡನೆಯ ಪ್ರಶ್ನೆ ಇರಲಿಲ್ಲ.

ಮುಂದಿನ ಮೂರು ದಿನ ನಡೆದಂಥ ಚುರುಕಾದ ತನಿಖೆಯನ್ನು ನನ್ನ ಸರ್ವೀಸಿನಲ್ಲೇ ಮತ್ತೆ ಕಾಣಲಿಲ್ಲ. ವರ್ಷಗಟ್ಟಲೆ ಸಿಗದ ಕಡತಗಳು ಐದು ನಿಮಿಷಕ್ಕೆ ಸಿಕ್ಕವು. ಮೂವತ್ತೊಂದು ಜನ ಸಿಬ್ಬಂದಿಯ ರಜಾ ಅರ್ಜಿಗಳನ್ನೆಲ್ಲ ಹೊರತೆಗೆದು ಟೇಬಲ್ಲಿನ ಮೇಲೆ ಹರಡಲಾಯಿತು. ಕೈಬರಹ ಹೋಲಿಸುವ ಕೆಲಸಕ್ಕೆ ನನ್ನನ್ನೂ ಕೂರಿಸಿದರು. ಕನ್ನಡ ಚೆನ್ನಾಗಿ ಬರುತ್ತದೆ ಎಂಬ ನನ್ನ ಖ್ಯಾತಿಗೆ ಸರ್ಕಾರದಿಂದ ಸಿಕ್ಕ ಏಕೈಕ ಮನ್ನಣೆ ಅದು. ‘ಳ’ದ ಬಾಲ ಯಾರದು ಇಷ್ಟು ಉದ್ದ, ‘ಡೀಸೆಲ್’ ಅನ್ನು ‘ಡೀಸಲ್’ ಎಂದು ಬರೆಯುವವರು ಯಾರು, ಎಡಗೈಯಲ್ಲಿ ಬರೆದಿರಬಹುದೇ, ಹೆಂಡತಿಯ ಕೈಲಿ ಬರೆಸಿರಬಹುದೇ. ಪಂಪನ ಓಲೆಗರಿಗೂ ಇಷ್ಟು ಶ್ರದ್ಧೆಯ ಪಾಠಾಂತರ ಚರ್ಚೆ ನಡೆದಿರಲಿಕ್ಕಿಲ್ಲ. ಡೀಸೆಲ್ ರಿಜಿಸ್ಟರು ಅದೇ ಟೇಬಲ್ಲಿನ ಮೂಲೆಯಲ್ಲಿತ್ತು. ಗಾಳಿಗೆ ರಜಾ ಅರ್ಜಿಗಳು ಹಾರದಿರಲಿ ಎಂದು ಅದನ್ನು ಅವುಗಳ ಮೇಲೆ ಇಟ್ಟಿದ್ದೆವು.

ಕೊನೆಗೆ ಗುಮಾನಿ ನಮ್ಮ ಎಸ್‌ಡಿಎ ಹುಡುಗನ ಮೇಲೆ ಬಿತ್ತು. ಸಾಕ್ಷ್ಯ ಮೂರು. ಲೆಕ್ಕ ಚೆನ್ನಾಗಿ ಬರುತ್ತದೆ. ನಾಲ್ಕು ಗಂಟೆಯ ಟೀಗೆ ಬರುವುದಿಲ್ಲ. ಡಬ್ಬಿ ಬಿಚ್ಚಿ ಒಬ್ಬನೇ ಊಟ ಮಾಡುತ್ತಾನೆ. ಹೆಡ್ ಕ್ಲರ್ಕು ತೀರ್ಪು ಕೊಟ್ಟರು: “ಉಂಡ ಮನೆ ಜಂತೆ ಎಣ್ಸೋ ಜಾತಿ ಇದು.”

ಆ ಗಾದೆಯ ಬಗ್ಗೆ ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ನಮ್ಮಲ್ಲಿ ಅದಕ್ಕೆ ಒಬ್ಬ ಅಣ್ಣನೂ ಇದ್ದಾನೆ: ಉಂಡ ಮನೆಯ ಗಳ ಹಿರಿಯುವುದು. ಒಬ್ಬ ಉಂಡು ಕೈತೊಳೆದು, ಹೋಗುವಾಗ ಸೂರಿನ ಗಳವನ್ನೇ ಎಳೆದುಕೊಂಡು ಹೋಗುತ್ತಾನೆ. ಇನ್ನೊಬ್ಬ ಉಂಡು, ಅಂಗಾತ ಮಲಗಿ, ಮೇಲೆ ನೋಡಿ, ಅಯ್ಯೋ ಹತ್ತು ಜಂತೆ ಇದ್ದದ್ದು ಏಳೇ ಇವೆಯಲ್ಲ ಅನ್ನುತ್ತಾನೆ. ಮೊದಲನೆಯವನು ಕಳ್ಳ, ಎರಡನೆಯವನು ಹೆಚ್ಚೆಂದರೆ ಅಧಿಕಪ್ರಸಂಗಿ. ಆದರೆ ಕಾಲಕ್ರಮದಲ್ಲಿ ಇಬ್ಬರೂ ಒಂದೇ ಬೈಗುಳದ ಪಾಲುದಾರರಾದರು. ಈಗಂತೂ ಹಿರಿಯುವವನ ಮಾತೇ ಎತ್ತುವುದಿಲ್ಲ, ಅವನು ಸಜ್ಜನ, ಹಬ್ಬಕ್ಕೆ ಸ್ವೀಟ್ ಬಾಕ್ಸ್ ಕಳಿಸುತ್ತಾನೆ. ಎಣಿಸುವವನೇ ಮನೆಮುರುಕ. ಸೂರು ಬೀಳುವುದು ಗಳ ಕಿತ್ತದ್ದರಿಂದ ಅಲ್ಲ, ಲೆಕ್ಕ ಹಾಕಿದ್ದರಿಂದ ಎಂಬ ಹೊಸ ವಾಸ್ತುಶಾಸ್ತ್ರ ಇದು.

ಇಂಗ್ಲಿಷಿನವರು ಇಂಥವರಿಗೆ ವಿಷಲ್‌ಬ್ಲೋವರ್ ಎನ್ನುತ್ತಾರೆ. ನಮ್ಮ ಪತ್ರಿಕೆಗಳು ಸೀಟಿ ಊದುವವರು ಎಂದು ಬರೆದು ನೋಡಿದವು. ಓದುಗರಿಗೆ ಬಸ್ ಕಂಡಕ್ಟರ್ ಕಣ್ಣಮುಂದೆ ಬಂದ. ಹೋಲಿಕೆ ಕೆಟ್ಟದ್ದೇನಲ್ಲ. ಕಂಡಕ್ಟರ್ ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು. ನಮ್ಮ ಇಲಾಖೆಗಳ ಬಸ್ಸೂ ನಿಲ್ಲುತ್ತದೆ, ಕಂಡಕ್ಟರನನ್ನು ಇಳಿಸುವಷ್ಟು ಹೊತ್ತು.

ಇಳಿಸುವುದಕ್ಕೆ ನಾನಾ ನಿಲ್ದಾಣಗಳಿವೆ. 2017ರ ಜುಲೈನಲ್ಲಿ ಬಂದೀಖಾನೆ ಇಲಾಖೆಯ ಡಿಐಜಿಯಾಗಿದ್ದ ಡಿ. ರೂಪಾ ಪರಪ್ಪನ ಅಗ್ರಹಾರದ ಜೈಲಿಗೆ ಹೋಗಿಬಂದು, ಅಲ್ಲಿ ಕೈದಿಯಾಗಿದ್ದ ತಮಿಳುನಾಡಿನ ರಾಜಕಾರಣಿ ಶಶಿಕಲಾ ಅವರಿಗೆಂದೇ ಬೇರೆ ಅಡುಗೆಮನೆ ನಡೆಯುತ್ತಿದೆ ಎಂದು ಮೇಲಿನವರಿಗೆ ವರದಿ ಬರೆದರು. ಕೆಲವೇ ದಿನಗಳಲ್ಲಿ ಅವರನ್ನು ಸಂಚಾರ ಮತ್ತು ರಸ್ತೆ ಸುರಕ್ಷತಾ ವಿಭಾಗಕ್ಕೆ ಎತ್ತಂಗಡಿ ಮಾಡಲಾಯಿತು. ಜೈಲಿನ ಒಲೆ ನೋಡಿದ ಕಣ್ಣುಗಳು ಇನ್ನು ಮೇಲೆ ಸಿಗ್ನಲ್ ದೀಪ ನೋಡಲಿ ಎಂಬುದು ಒಂದು ರೀತಿಯಲ್ಲಿ ಅರ್ಹತೆಗೆ ತಕ್ಕ ಹುದ್ದೆಯೇ. ಮಾಧ್ಯಮದ ಮುಂದೆ ಯಾಕೆ ಮಾತಾಡಿದಿರಿ ಎಂದು ನೋಟಿಸೂ ಹೋಯಿತು. ಆಮೇಲೆ ಸರ್ಕಾರವೇ ನೇಮಿಸಿದ ವಿನಯ್ ಕುಮಾರ್ ಸಮಿತಿ, ಹೌದು, ಆ ಕೈದಿಗೆ ವಿಶೇಷ ಆತಿಥ್ಯ ಸಿಕ್ಕಿದ್ದು ನಿಜ ಎಂದು ಹೇಳಿತು. ಅಷ್ಟು ಹೊತ್ತಿಗೆ ಅಡುಗೆ ಉಂಡು ಕೈ ತೊಳೆದಾಗಿತ್ತು.

ದಿಲ್ಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ. ಅರಣ್ಯ ಸೇವೆಯ ಅಧಿಕಾರಿ ಸಂಜೀವ್ ಚತುರ್ವೇದಿ ಏಮ್ಸ್ ಆಸ್ಪತ್ರೆಯ ಮುಖ್ಯ ಜಾಗೃತಾಧಿಕಾರಿಯಾಗಿದ್ದರು. ಅಂದರೆ ಜಂತೆ ಎಣಿಸುವುದಕ್ಕೇ ನೇಮಕವಾದವರು. ಅವರು ಎಣಿಸಿದರು. 2014ರಲ್ಲಿ ಆ ಕುರ್ಚಿಯಿಂದ ಎಬ್ಬಿಸಿದರು. 2015ರಲ್ಲಿ ಅವರಿಗೆ ಮನಿಲಾದ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2015-16ನೇ ಸಾಲಿನ ಗೌಪ್ಯ ವರದಿಯಲ್ಲಿ ಸಂಸ್ಥೆ ಅವರಿಗೆ ಕೊಟ್ಟ ಅಂಕ ಸೊನ್ನೆ. ಹತ್ತಕ್ಕೆ ಎರಡೂ ಅಲ್ಲ, ಒಂದೂ ಅಲ್ಲ. ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಕೂಡ ಹೆಸರು ಸರಿಯಾಗಿ ಬರೆದಿದ್ದರೆ ಅರ್ಧ ಅಂಕ ಕೊಡುತ್ತಿದ್ದರು. ಮನಿಲಾದವರು ತಲೆ ಮೇಲಿಟ್ಟುಕೊಂಡ ಉತ್ತರಪತ್ರಿಕೆಯನ್ನು ದಿಲ್ಲಿಯ ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಡ್ಡ ಹೊಡೆದರು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಇದನ್ನೆಲ್ಲ ನೋಡಿ 25 ಸಾವಿರ ರೂಪಾಯಿ ದಂಡ ಹಾಕಿತು. ಮೇಷ್ಟ್ರ ಜೇಬಿನಿಂದ ಅಲ್ಲ ಬಿಡಿ, ಅದೂ ನಮ್ಮ ನಿಮ್ಮ ತೆರಿಗೆಯಿಂದಲೇ.

ನಮ್ಮಲ್ಲೇ ಎಂ.ಎನ್. ವಿಜಯಕುಮಾರ್ ಎಂಬ ಐಎಎಸ್ ಅಧಿಕಾರಿ ಇದ್ದರು. ಇಲಾಖೆಯ ಒಳಗಿನ ಹುಳುಕನ್ನು ಬರೆದು ಬರೆದು, ಗಂಟುಮೂಟೆ ಬಿಚ್ಚುವುದರೊಳಗೆ ಇನ್ನೊಂದು ವರ್ಗಾವಣೆ ಆದೇಶ ಎನ್ನುವ ಸ್ಥಿತಿಗೆ ಬಂದವರು. ಅವರ ಪತ್ನಿ ಜೆ.ಎನ್. ಜಯಶ್ರೀ 2007ರ ಸುಮಾರಿಗೆ ಗಂಡನಿಗೋಸ್ಕರ ಅಂತರ್ಜಾಲದಲ್ಲಿ ಬರೆಯತೊಡಗಿದರು. ನಾಲ್ಕು ಜನ ನೋಡುತ್ತಿದ್ದರೆ ಗಂಡನ ತಂಟೆಗೆ ಬರುವುದಕ್ಕೆ ಹೆದರುತ್ತಾರೆ ಎಂಬುದು ಅವರ ಲೆಕ್ಕ. ಸಾವಿತ್ರಿ ಯಮನ ಹಿಂದೆ ನಡೆದು ಹೋದಳು ಎಂದು ಪುರಾಣ ಹೇಳುತ್ತದೆ. ಅವಳಿಗೆ ಎದುರಿಗಿದ್ದವನು ಯಮನೊಬ್ಬನೇ, ಅದೂ ಕೊಟ್ಟ ಮಾತಿಗೆ ತಪ್ಪದವನು.

ವರ್ಗಾವಣೆ, ನೋಟಿಸು, ಸೊನ್ನೆ, ಇವನ್ನೆಲ್ಲ ನಗುತ್ತ ಬರೆಯಬಹುದು. ಎಲ್ಲವನ್ನೂ ಹಾಗೆ ಬರೆಯಲಾಗುವುದಿಲ್ಲ.

ಕೆ.ಜಿ.ಎಫ್ ಎಂದರೆ ಈಗ ಎಲ್ಲರಿಗೂ ಗಡ್ಡ ಬಿಟ್ಟ ನಾಯಕ, ಕೈಯಲ್ಲಿ ಬಂದೂಕು, ಹಿನ್ನೆಲೆಯಲ್ಲಿ ಡೋಲು. ಅದೇ ಕೆ.ಜಿ.ಎಫ್‌ನ ಇನ್ನೊಬ್ಬ ಹುಡುಗ ಷಣ್ಮುಗಂ ಮಂಜುನಾಥ್. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಎಂಬಿಎ, ಇಂಡಿಯನ್ ಆಯಿಲ್‌ನಲ್ಲಿ ಸೇಲ್ಸ್ ಆಫೀಸರ್. ಉತ್ತರ ಪ್ರದೇಶದ ಲಖೀಂಪುರ ಖೇರಿ ಅವರ ಪಾಲಿಗೆ ಬಂದ ಜಾಗ. ಅಲ್ಲಿ ತಮ್ಮದೇ ಕಂಪನಿಯ ಬೋರ್ಡು ಹೊತ್ತ ಬಂಕೊಂದರಲ್ಲಿ ಕಲಬೆರಕೆ ಇಂಧನ ಸಿಕ್ಕಾಗ ಬೀಗಮುದ್ರೆ ಹಾಕಿದರು. ಬಂಕು ಮತ್ತೆ ತೆರೆಯಿತು. ಇವರು ಮತ್ತೆ ಪರೀಕ್ಷಿಸಲು ಹೋದರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಎಂದು ಪೆದ್ದರನ್ನು ಬೈಯುತ್ತೇವಲ್ಲ, ಆ ಊರಿನಲ್ಲಿ ಬುದ್ಧಿವಂತಿಕೆ ಎಂದರೆ ಅದೇ ಆಗಿತ್ತು. ಈ ಹುಡುಗ ಮುಚ್ಚಿಕೊಳ್ಳಲಿಲ್ಲ. 2005ರ ನವೆಂಬರ್ 19ರಂದು ಗುಂಡಿಟ್ಟು ಕೊಂದರು. ಇಪ್ಪತ್ತೇಳು ವರ್ಷ. ಹೆಣ ಸಿಕ್ಕಿದ್ದು ಅವರದೇ ಕಾರಿನ ಹಿಂದಿನ ಸೀಟಿನಲ್ಲಿ. ಐಐಎಂ ಗೆಳೆಯರು ಪಟ್ಟು ಹಿಡಿದು ಬೆನ್ನು ಹತ್ತಿದರು, 2015ರಲ್ಲಿ ಸುಪ್ರೀಂ ಕೋರ್ಟ್ ಆರು ಜನರ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕೆ.ಜಿ.ಎಫ್‌ನ ಮಣ್ಣಿನಿಂದ ಚಿನ್ನ ತೆಗೆದು ಮುಗಿಯಿತು ಎನ್ನುವವರಿಗೆ ಈ ಹೆಸರನ್ನು ಒಮ್ಮೆ ಹೇಳಬೇಕು.

ಬೆಂಗಳೂರಿನಲ್ಲಿ ಎಸ್.ಪಿ. ಮಹಾಂತೇಶ್ ಇದ್ದರು. ಸಹಕಾರ ಇಲಾಖೆಯಲ್ಲಿ ಲೆಕ್ಕಪರಿಶೋಧನೆಯ ಉಪನಿರ್ದೇಶಕರು. ಗೃಹನಿರ್ಮಾಣ ಸಹಕಾರ ಸಂಘಗಳು ನಿವೇಶನಗಳನ್ನು ಯಾರ್‍ಯಾರಿಗೆ ಹಂಚಿದವು ಎಂದು ನೋಡಿ ಅಕ್ರಮಗಳನ್ನು ಬರೆದಿಟ್ಟವರು. 2012ರ ಮೇ 15ರ ರಾತ್ರಿ ಕಾರಿನಲ್ಲಿ ಮನೆಗೆ ಹೋಗುತ್ತಿದ್ದವರ ಮೇಲೆ ನಗರದ ನಡುವೆಯೇ ಹಲ್ಲೆಯಾಯಿತು. ಮೇ 20ರಂದು ತೀರಿಕೊಂಡರು. ಆಡಿಟ್ ಎಂಬ ಕೆಲಸಕ್ಕೆ ಸರ್ಕಾರವೇ ಹುದ್ದೆ ಸೃಷ್ಟಿಸುತ್ತದೆ, ಪರೀಕ್ಷೆ ಇಡುತ್ತದೆ, ಸಂಬಳ ಕೊಡುತ್ತದೆ. ಎಣಿಸು ಅನ್ನುತ್ತದೆ. ಅವನು ನಿಜವಾಗಿಯೂ ಎಣಿಸಿಬಿಟ್ಟಾಗ ಮಾತ್ರ, ಅಯ್ಯೋ, ನಾವು ಸುಮ್ಮನೆ ಶಾಸ್ತ್ರಕ್ಕೆ ಹೇಳಿದ್ದು ಎಂಬ ಮುಖ ಮಾಡುತ್ತದೆ.

ಇಂಥವರನ್ನು ಕಾಪಾಡಲು ಕಾನೂನು ಇಲ್ಲವೇ? ಇದೆ. ಅದರ ಕಥೆ ಸತ್ಯೇಂದ್ರ ದುಬೆಯಿಂದ ಶುರುವಾಗುತ್ತದೆ. ಬಿಹಾರದ ಹುಡುಗ, ಕಾನ್ಪುರ ಐಐಟಿಯ ಎಂಜಿನಿಯರ್, ಹೆದ್ದಾರಿ ಪ್ರಾಧಿಕಾರದಲ್ಲಿದ್ದು ಸುವರ್ಣ ಚತುಷ್ಪಥ ಯೋಜನೆಯ ಕೆಲಸ ನೋಡುತ್ತಿದ್ದವರು. ದೊಡ್ಡ ಗುತ್ತಿಗೆದಾರರು ಕೆಲಸವನ್ನು ಯೋಗ್ಯತೆಯಿಲ್ಲದ ಉಪಗುತ್ತಿಗೆದಾರರಿಗೆ ದಾಟಿಸುತ್ತಿದ್ದಾರೆ ಎಂದು 2002ರ ನವೆಂಬರಿನಲ್ಲಿ ಪ್ರಧಾನಿಗೇ ಪತ್ರ ಬರೆದರು. ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರು. ಗುಟ್ಟಿನ ಪತ್ರಕ್ಕೆ ಸರ್ಕಾರಿ ಕಚೇರಿಯಲ್ಲಿ ಏನಾಗಬೇಕೋ ಅದೇ ಆಯಿತು. ಪ್ರಧಾನಿ ಕಚೇರಿಯಿಂದ ಸಚಿವಾಲಯಕ್ಕೆ, ಸಚಿವಾಲಯದಿಂದ ಪ್ರಾಧಿಕಾರಕ್ಕೆ, ಪ್ರತಿ ಮೇಜಿನಲ್ಲೂ ಟಿಪ್ಪಣಿ, ಸಹಿ, ಮೊಹರು. ಪತ್ರ ಊರೆಲ್ಲ ಮೆರವಣಿಗೆ ಹೋಯಿತು, ಹೆಸರನ್ನು ಪಲ್ಲಕ್ಕಿಯಲ್ಲಿ ಕೂರಿಸಿಕೊಂಡು. 2003ರ ನವೆಂಬರ್ 27ರ ನಸುಕಿನಲ್ಲಿ ಗಯಾದಲ್ಲಿ ದುಬೆಯ ಕೊಲೆಯಾಯಿತು. ಇದು ದರೋಡೆಕೋರರ ಕೆಲಸ ಎಂದು ಸಿಬಿಐ ಹೇಳಿತು, 2010ರಲ್ಲಿ ಮೂವರಿಗೆ ಜೀವಾವಧಿಯೂ ಆಯಿತು. ಆ ಪತ್ರವನ್ನು ಮೇಜಿನಿಂದ ಮೇಜಿಗೆ ದಾಟಿಸಿದ ಸಹಿಗಳಿಗೆ ಏನಾಯಿತು ಎಂದು ನನ್ನನ್ನು ಕೇಳಬೇಡಿ. ಸಹಿಗಳಿಗೆ ಈ ದೇಶದಲ್ಲಿ ಏನೂ ಆಗುವುದಿಲ್ಲ.

ಸುಪ್ರೀಂ ಕೋರ್ಟು ಗದರಿಸಿದ ಮೇಲೆ 2004ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ದೂರುಗಳನ್ನು ಕೇಂದ್ರ ಜಾಗೃತ ಆಯೋಗಕ್ಕೆ ಕಳಿಸಿ, ಹೆಸರನ್ನು ಅವರು ಕಾಪಾಡುತ್ತಾರೆ. ಕ್ರಮ ಹೀಗಿದೆ. ಪತ್ರವನ್ನು ಲಕೋಟೆಯಲ್ಲಿ ಹಾಕಿ ಅಂಟಿಸಬೇಕು. ಲಕೋಟೆಯ ಮೇಲೆ ನಿಮ್ಮ ಹೆಸರು ಇರಕೂಡದು, ಒಳಗೆ ಇರಲೇಬೇಕು. ಹೊರಗೆ ಮಾತ್ರ ಇದು ಸಾರ್ವಜನಿಕ ಹಿತಾಸಕ್ತಿಯ ಬಹಿರಂಗಪಡಿಸುವಿಕೆ ಎಂದು ಎದ್ದುಕಾಣುವ ಹಾಗೆ ಬರೆದಿರಬೇಕು, ಅಂಚೆಯವನಿಗೂ ಇದರೊಳಗೆ ಗುಟ್ಟಿದೆ ಎಂದು ಗೊತ್ತಾಗುವಂತೆ. ನಿಮ್ಮ ಗುರುತು ಬಯಲಾದೀತೆಂಬ ಕಾಳಜಿಯಿಂದ ಪತ್ರ ತಲುಪಿತು ಎಂಬ ಸ್ವೀಕೃತಿಯನ್ನು ಕೊಡುವುದಿಲ್ಲ. ಮತ್ತೆ ಪತ್ರ ಬರೆದು ಏನಾಯಿತು ಎಂದು ಕೇಳುವುದೂ ಬೇಡ. ಹುಂಡಿಗೆ ಹಾಕಿದ ಮೇಲೆ ದೇವರನ್ನು ರಸೀತಿ ಕೇಳುತ್ತೀರಾ? ಹಾಗೆ. ಅಂದಹಾಗೆ ಇದು ಕೇಂದ್ರದವರಿಗೆ, ಅವರ ಉದ್ದಿಮೆಗಳಿಗೆ ಮಾತ್ರ. ರಾಜ್ಯ ಸರ್ಕಾರದ ನಮ್ಮ ಎಸ್‌ಡಿಎ ಹುಡುಗನ ಡೀಸೆಲ್ ಆ ಲಕೋಟೆಯಲ್ಲಿ ಹಿಡಿಸುವುದಿಲ್ಲ.

ಆಮೇಲೆ ಪೂರ್ಣಪ್ರಮಾಣದ ಕಾಯಿದೆಯೇ ಬಂತು. 2011ರ ಡಿಸೆಂಬರಿನಲ್ಲಿ ಲೋಕಸಭೆ, 2014ರ ಫೆಬ್ರವರಿಯಲ್ಲಿ ರಾಜ್ಯಸಭೆ, ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ. ಸುಳ್ಳು ದೂರು ಕೊಟ್ಟವನಿಗೆ ಎರಡು ವರ್ಷದವರೆಗೆ ಜೈಲು, ದೂರುದಾರನ ಹೆಸರು ಹೊರಹಾಕಿದವನಿಗೆ ಮೂರು ವರ್ಷದವರೆಗೆ, ಏಳು ವರ್ಷ ಹಿಂದಿನ ಅಕ್ರಮ ಎತ್ತುವಂತಿಲ್ಲ, ಮೂಗರ್ಜಿಗೆ ಬೆಲೆ ಇಲ್ಲ. ಎಲ್ಲ ಅಚ್ಚುಕಟ್ಟಾಗಿ ಬರೆದು, ಕೇಂದ್ರ ಸರ್ಕಾರ ಅಧಿಸೂಚಿಸಿದ ದಿನದಿಂದ ಜಾರಿಗೆ ಬರತಕ್ಕದ್ದು ಎಂದು ಒಂದು ಸಾಲು ಸೇರಿಸಿದರು. ಆ ದಿನವನ್ನು ಅಧಿಸೂಚಿಸಲಿಲ್ಲ. ಹತ್ತು ವರ್ಷ ದಾಟಿದರೂ ಪಂಚಾಂಗದಲ್ಲಿ ಒಂದು ಒಳ್ಳೆಯ ಮುಹೂರ್ತ ಸಿಗಲಿಲ್ಲ. ಮದುವೆಯಾಗಿ ಪ್ರಸ್ತಕ್ಕೆ ದಿನ ಗೊತ್ತುಮಾಡದೆ ಕೂತ ಬೀಗರ ಹಾಗೆ. ತಮಾಷೆ ಅಲ್ಲಿಗೇ ಮುಗಿಯಲಿಲ್ಲ. ಜಾರಿಗೇ ಬಾರದ ಈ ಕಾಯಿದೆ ಅತಿಯಾಯಿತು ಎಂದು 2015ರಲ್ಲಿ ತಿದ್ದುಪಡಿ ತಂದರು. ಹತ್ತು ಬಗೆಯ ಮಾಹಿತಿಯನ್ನು ಯಾರೂ ಬಹಿರಂಗಪಡಿಸಕೂಡದು ಎಂದು ಪಟ್ಟಿ ಮಾಡಿದರು. ಲೋಕಸಭೆ ಅದನ್ನು ಒಪ್ಪಿತು. ರಾಜ್ಯಸಭೆಯಲ್ಲಿ ಅದು ಕೂತಲ್ಲೇ ಕೂತು, 2019ರಲ್ಲಿ ಬಿದ್ದುಹೋಯಿತು. ಹುಟ್ಟದ ಮಗುವಿನ ಕೈಗೆ ಮೊದಲೇ ಬೇಡಿ ತೊಡಿಸಲು ಹೋಗಿ, ಬೇಡಿಯೂ ತುಕ್ಕು ಹಿಡಿಯಿತು.

ಅಮೆರಿಕದವರ ರೀತಿ ಬೇರೆ. ಅವರು ಎಲ್ಲವನ್ನೂ ವ್ಯಾಪಾರವಾಗಿ ನೋಡುತ್ತಾರೆಂದು ನಾವು ಮೂಗು ಮುರಿಯುತ್ತೇವೆ. ನಮ್ಮ ರ‍್ಯಾನ್‌ಬ್ಯಾಕ್ಸಿ ಔಷಧ ಕಂಪನಿಯ ಒಳಗಿದ್ದ ದಿನೇಶ್ ಠಾಕೂರ್, ಗುಣಮಟ್ಟದ ದಾಖಲೆಗಳೇ ಸುಳ್ಳು ಎಂದು 2005ರಲ್ಲಿ ಅಲ್ಲಿನ ಔಷಧ ನಿಯಂತ್ರಕರಿಗೆ ತಿಳಿಸಿದರು. 2013ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು. ಅದರಲ್ಲಿ ಸುಮಾರು 4.8 ಕೋಟಿ ಡಾಲರ್ ಠಾಕೂರ್ ಕೈಗೆ ಬಂತು. ಗುರುಗ್ರಾಮದ ಮನೆಯ ಜಂತೆ ಎಣಿಸಿದ್ದಕ್ಕೆ ವಾಷಿಂಗ್ಟನ್ ಕೂಲಿ ಕೊಟ್ಟಿತು. ನಮ್ಮಲ್ಲೂ ಸೆಬಿ ಷೇರುಪೇಟೆಯ ಒಳವ್ಯವಹಾರದ ಸುಳಿವು ಕೊಟ್ಟವರಿಗೆ 10 ಕೋಟಿ ರೂಪಾಯಿವರೆಗೆ ಬಹುಮಾನ ಇಟ್ಟಿದೆ. ಕದ್ದದ್ದು ಹೂಡಿಕೆದಾರರ ಹಣವಾದರೆ ಕಾಳಜಿ ಬೇರೆಯೇ. ರಸ್ತೆಯೋ, ಪೆಟ್ರೋಲೋ, ಸೈಟೋ ಆದರೆ ಅದು ಸಾರ್ವಜನಿಕರದು, ಅಂದರೆ ಯಾರದೂ ಅಲ್ಲ.

ಖಾಸಗಿಯವರೂ ಹಿಂದೆ ಬಿದ್ದಿಲ್ಲ. 2013ರ ಕಂಪನಿ ಕಾಯಿದೆಯ ಪ್ರಕಾರ ಷೇರುಪೇಟೆಯ ಕಂಪನಿಗಳೆಲ್ಲ ಇಂಥ ದೂರು ಕೇಳಲು ಒಂದು ವ್ಯವಸ್ಥೆ ಇಟ್ಟಿರಬೇಕು. ನನ್ನ ಸೋದರಳಿಯ ಬೆಂಗಳೂರಿನ ಒಂದು ಟೆಕ್ ಪಾರ್ಕಿನಲ್ಲಿದ್ದಾನೆ. ಅಲ್ಲಿ ಲಿಫ್ಟಿನ ಪಕ್ಕದಲ್ಲೇ ಪೋಸ್ಟರು, ‘ನಿರ್ಭಯವಾಗಿ ಹೇಳಿ, ನಿಮ್ಮ ಗುರುತು ಗುಪ್ತ’ ಎಂದು. ಒಂದು ದಿನ ಅವನು ಆ ತಾಣಕ್ಕೆ ಹೋದನಂತೆ. ಅದು ಮೊದಲು ಕೇಳಿದ್ದು ಎಂಪ್ಲಾಯಿ ಐಡಿ. “ಮಾವ, ಅಷ್ಟು ಹೊತ್ತಿಗೆ ನಂಗೆ ಹೇಳ್ಬೇಕಾಗಿದ್ದ ವಿಷ್ಯಾನೇ ಮರ್ತುಹೋಯ್ತು” ಅಂದ. ಹುಡುಗ ಜಾಣ. ಆ ವರ್ಷ ಪ್ರಮೋಷನ್ನೂ ಆಯಿತು.

ನಮ್ಮ ಕಚೇರಿಯ ತನಿಖೆಯ ವರದಿ ನಾಲ್ಕನೆಯ ದಿನ ಹೋಯಿತು. ‘ಸದರಿ ಅರ್ಜಿಯು ಅನಾಮಧೇಯವಾಗಿದ್ದು, ದುರುದ್ದೇಶಪೂರಿತವಾಗಿದ್ದು, ಆಧಾರರಹಿತವಾಗಿರುತ್ತದೆ.’ ಭಾಷೆ ತಿದ್ದಿಕೊಟ್ಟವನು ನಾನೇ. ಎರಡು ‘ವಾಗಿದ್ದು’ ಒಟ್ಟಿಗೆ ಬಂತಲ್ಲ ಎಂಬ ಕೊರಗು ಈಗಲೂ ಇದೆ. ಒಂದು ತಿಂಗಳಿಗೆ ಎಸ್‌ಡಿಎ ಹುಡುಗನಿಗೆ ಆಡಳಿತಾತ್ಮಕ ಕಾರಣಗಳಿಂದ ವರ್ಗವಾಯಿತು, ಬಸ್ಸು ಎರಡು ಕಡೆ ಬದಲಿಸಬೇಕಾದ ಊರಿಗೆ. ಅರ್ಜಿ ಬರೆದದ್ದು ಅವನೇ ಹೌದೋ ಅಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ‘ಳ’ ಅವನದಲ್ಲ. ಅಂಥ ಬಾಲದ ‘ಳ’ ಎರಡು ಮೇಜಿನಾಚೆ ಕೂರುತ್ತಿದ್ದ, ಆರು ತಿಂಗಳಲ್ಲಿ ರಿಟೈರಾಗಲಿದ್ದ ಒಬ್ಬರದು. ಮೊದಲನೆಯ ದಿನವೇ ಗುರುತು ಹಿಡಿದಿದ್ದೆ. ಅವರನ್ನು ತೋರಿಸಲಿಲ್ಲ ಎಂಬ ಹೆಮ್ಮೆ ನನಗೆ ಬಹಳ ದಿನ ಇತ್ತು. ಇವನಲ್ಲ ಎಂದೂ ಹೇಳಲಿಲ್ಲ ಎನ್ನುವುದು ಆ ಹೆಮ್ಮೆಯ ಲೆಕ್ಕದಲ್ಲಿ ಬರುತ್ತಿರಲಿಲ್ಲ.

ಬೀಳ್ಕೊಡುಗೆ ಮಾತ್ರ ಚೆನ್ನಾಗಿಯೇ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಸಾಹೇಬರು ನಿಷ್ಠೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ನಡುವೆ ಕರೆಂಟು ಹೋಯಿತು, ಜನರೇಟರು ಶುರುವಾಗಲಿಲ್ಲ, ಡೀಸೆಲ್ ಇರಲಿಲ್ಲ. ಮೈಕಿಲ್ಲದೆಯೇ ಮುಗಿಸಿದರು. ಖರ್ಚಿಗೆಂದು ತಲೆಗೆ ಐವತ್ತು ರೂಪಾಯಿ ಎತ್ತಿದ್ದೆವು. ಹುಡುಗನನ್ನು ಬಿಟ್ಟರೆ ಮೂವತ್ತು ಜನ, ಸಾವಿರದ ಐನೂರು. ಶಾಲು ಮುನ್ನೂರು, ಹಾರ ನೂರು, ಬುಟ್ಟಿ ಇನ್ನೂರೈವತ್ತು, ತಿಂಡಿ ಹೆಚ್ಚೆಂದರೆ ನಾನೂರು. ಪಕ್ಕದಲ್ಲಿ ಕೂತಿದ್ದ ಹೆಡ್ ಕ್ಲರ್ಕಿನ ಕಿವಿಯಲ್ಲಿ, “ಸಾರ್, ಇನ್ನೂ ಒಂದಿಷ್ಟು ಉಳಿದಿರಬೇಕಲ್ಲ?” ಅಂದೆ.

ಅವರು ಕತ್ತಲಲ್ಲೇ ನನ್ನ ಕಡೆ ತಿರುಗಿದರು. “ಏನ್ ಸ್ವಾಮಿ, ನೀವೂ ಎಣ್ಸೋಕೆ ಶುರು ಮಾಡಿದ್ರಾ?”

ಅಷ್ಟರಲ್ಲಿ ಪೇಪರ್ ಪ್ಲೇಟು ಬಂತು. ಒಂದು ಮೈಸೂರುಪಾಕು, ಒಂದು ಹಿಡಿ ಖಾರಾಬೂಂದಿ. ಇನ್ನೊಂದು ಮೈಸೂರುಪಾಕು ಹಾಕಲೇ ಎಂದು ಹೆಡ್ ಕ್ಲರ್ಕು ಪ್ರೀತಿಯಿಂದ ಕೇಳಿದರು. ಹಾಕಿ ಅಂದೆ.